ಎರಡು ಗೀಟು ಒಂದು

ಗ್ಲಾಸ್ಗೋದ ನಮ್ಮ ಕಲ್ಲುಕಟ್ಟಡದಲ್ಲಿ ವಿಳಾಸವೆಂದರೆ
ಒಂದು ಓರೆಗೀಟು, ಅದರ ಆಚೀಚೆ ಒಂದೊಂದು ಅಂಕೆ.
ಎರಡು ಗೀಟು ಒಂದು: ಎರಡನೆಯ ಮಹಡಿ, ಮೊದಲ ಬಾಗಿಲು.
ಅದು ನಾನು, ಸೆಂಗಾ.
ಅಜ್ಜಿ ಆಗ್ನೆಸ್ಸಳ ಹೆಸರನ್ನೇ ಬಾಲದಿಂದ ತಲೆಗೆ ಬರೆದು
ನನಗಿಟ್ಟರು. ಹಾಗಾಗಿ
ತಿರುವುಮುರುವಾದದ್ದನ್ನು ಕಂಡರೆ
ನನಗೆ ಕೂಡಲೇ ಸಿಟ್ಟು ಬರುವುದಿಲ್ಲ.

ಆದರೂ ಬಂತು.

ಕೊಂಡದ್ದು ಒಂದು ಕೆಟಲು, ಸಿಳ್ಳೆ ಹೊಡೆಯುವಂಥದ್ದು,
ಮೂವತ್ತೊಂದು ಪೌಂಡು.
ಒಲೆಯ ಮೇಲೆ ನೀರಿಟ್ಟು ಮರೆತು
ಈ ವರ್ಷ ಎರಡು ಪಾತ್ರೆ ಕರಕಲು ಮಾಡಿದ್ದೇನೆ;
ಕೂಗಿ ಕರೆಯುವ ವಸ್ತುವೊಂದು ಬೇಕಿತ್ತು ಮನೆಯಲ್ಲಿ.

ಗುರುವಾರ ಫೋನು ಅಂದಿತು: ತಲುಪಿದೆ.
ಸಾಕ್ಷಿಗೊಂದು ಫೋಟೋ.
ಕಂದು ಬಾಗಿಲಿನ ಕಾಲುಭಾಗ, ಡಬ್ಬಿ,
ತಂದವನ ಬೂಟಿನ ತುದಿ,
ಗೋಡೆಗೆ ಹಸಿರು ಟೈಲು.

ಬರೆದೆ: ಸ್ವಾಮೀ, ನಮ್ಮ ಮೆಟ್ಟಿಲಲ್ಲಿ ಹಸಿರು ಟೈಲು
ಮೊದಲ ಮಹಡಿಗೇ ಮುಗಿಯುತ್ತದೆ,
ಕಟ್ಟಿಸಿದವನ ದುಡ್ಡೂ ಅಲ್ಲಿಗೇ ಮುಗಿದಿತ್ತೋ ಏನೋ,
ನನ್ನ ಬಾಗಿಲ ಪಕ್ಕ ಬರೀ ಬಣ್ಣದ ಗೋಡೆ.
ಉತ್ತರ ಬಂತು: ತಲುಪಿದೆ. ಫೋಟೋ ನೋಡಿ.
ಮತ್ತೆ ಬರೆದೆ. ವಿಷಾದಿಸುತ್ತೇವೆ, ಅಂದರು,
ಮುಖವಿಲ್ಲದವರು ಎಷ್ಟು ಸಲೀಸಾಗಿ ವಿಷಾದಿಸುತ್ತಾರೆ!
ಮತ್ತೆ ಬರೆದೆ.

ಕೆಳಗಿನ ಒಂದು ಗೀಟು ಎರಡನ್ನು ಹಗಲೆಲ್ಲ ತಟ್ಟಿ ಬಂದೆ.
ಈಸ್ಟರಿನಿಂದ ಖಾಲಿ ಬಿದ್ದ ಮನೆ, ಪರದೆಯಿಲ್ಲದ ಕಿಟಕಿ.
ಯಾರೂ ಓಗೊಡಲಿಲ್ಲ.

ಹನ್ನೊಂದು ದಿನ. ಮೂವತ್ತೊಂದು ಪೌಂಡಿನ ಮಾತು
ಮೂವತ್ತೊಂದು ಪೌಂಡಿನದಾಗಿ ಉಳಿಯಲಿಲ್ಲ.
ರಾತ್ರಿ ಮಗ್ಗುಲು ಬದಲಿಸುತ್ತ ವಾಕ್ಯ ತಿದ್ದುತ್ತಿದ್ದೆ:
'ನಾನು ಸುಳ್ಳು ಹೇಳುವವಳಲ್ಲ' ಎಂಬುದನ್ನು
ಎಲ್ಲಿ ಇಟ್ಟರೂ ಸುಳ್ಳಿನಂತೆ ಕೇಳುತ್ತಿತ್ತು.

ಹನ್ನೆರಡನೆಯ ಬೆಳಿಗ್ಗೆ, ಏಳು ಗಂಟೆಗೆ:
ನಿಮ್ಮ ಹಣ ಮರಳಿಸಲಾಗಿದೆ.
ಗೆದ್ದೆ ಅಂದುಕೊಂಡು ಎದ್ದು ನಿಂತೆ,
ಹೇಳಲು ಯಾರೂ ಇರಲಿಲ್ಲ, ಆಗ

ನೆಲದ ಹಲಗೆಯ ಅಡಿಯಿಂದ
ಸಣ್ಣಗೆ, ಆಮೇಲೆ ಸಣ್ಣಗಲ್ಲದೆ,
ಸಿಳ್ಳೆ.

ಇಳಿದು ಹೋದೆ, ರಾತ್ರಿಯ ಗೌನಿನಲ್ಲೇ.
ಬಾಗಿಲು ತೆರೆದವನ ಹುಬ್ಬಿನಲ್ಲಿ ಹಿಟ್ಟು,
ಬೇಕರಿಯ ರಾತ್ರಿಪಾಳಿ, ಹಗಲೆಲ್ಲ ನಿದ್ದೆ.
ಹೆಸರು ಕಿಬ್ರೊಮ್, ಎರಿಟ್ರಿಯದವನು.
ಒಳಗೆ ಒಂದು ಹಾಸಿಗೆ, ಒಂದು ಕುರ್ಚಿ,
ಒಲೆಯ ಮೇಲೆ ಮಿರಮಿರ ಮಿಂಚುವ ನನ್ನ ಕೆಟಲು.

ಕೀಲಿಕೈ ಸಿಕ್ಕ ದಿನವೇ ಬಾಗಿಲಲ್ಲಿತ್ತು, ಅಂದ,
ಹೊಸಬರಿಗೆ ಕೊಡುವುದು ಈ ಊರಿನ ರೂಢಿ ಅಂದುಕೊಂಡೆ.
ಮಡಿಸಿಟ್ಟ ರಟ್ಟಿನ ಮೇಲೆ ಬೆರಳಿಟ್ಟು ತೋರಿಸಿದ:
ಸೆಂಗಾ. ಒಳ್ಳೆಯ ಕಂಪನಿಯೇ?

ಹನ್ನೊಂದು ದಿನ ತಿದ್ದಿದ ವಾಕ್ಯಗಳಲ್ಲಿ
ಒಂದೂ ನೆನಪಾಗಲಿಲ್ಲ.
ಹಳೆಯ ಕಂಪನಿ, ಅಂದೆ. ಅರವತ್ತೆಂಟು ವರ್ಷದ್ದು.
ಕುರ್ಚಿ ನನಗೆ ಕೊಟ್ಟು, ಜಾಮಿನ ಬಾಟಲಿಯಲ್ಲಿ ಚಹಾ ಕೊಟ್ಟ.
ಸಕ್ಕರೆ ವಿಪರೀತ. ಕುಡಿದೆ.

ಮೇಲೆ ಬಂದು ದುಡ್ಡು ಹಿಂದಿರುಗಿಸಲು ನೋಡಿದರೆ
ಒಡೆದಿದೆ, ತಡವಾಗಿದೆ, ಬಂದಿಲ್ಲ, ಬೇಡವಾಗಿದೆ:
ಒತ್ತಲು ಗುಂಡಿಗಳಿದ್ದವು.
'ಸಿಕ್ಕಿತು, ಕೆಳಗಡೆ ಕುದಿಯುತ್ತಿದೆ' ಅನ್ನುವುದಕ್ಕೆ
ಗುಂಡಿ ಇರಲಿಲ್ಲ.
ಇದ್ದರೆ ಒತ್ತುತ್ತಿದ್ದೆನೇ? ಗೊತ್ತಿಲ್ಲ. ಹೆಬ್ಬೆರಳು ಹುಡುಕಿದ್ದಂತೂ ನಿಜ.

ಆ ದುಡ್ಡಿಗೆ ಅದೇ ಕೆಟಲು ಮತ್ತೆ ತರಿಸಿದೆ.
ತಂದುಕೊಡುವವನಿಗೆ ಸೂಚನೆ ಬರೆಯಲು ಬಿಟ್ಟ ಜಾಗದಲ್ಲಿ
ಈ ಸಲ ನಿಧಾನವಾಗಿ ಬರೆದೆ:
ಎರಡು ಗೀಟು ಒಂದು.
ನಾನಿಲ್ಲದಿದ್ದರೆ ಒಂದು ಗೀಟು ಎರಡು.
ಜೋರಾಗಿ ತಟ್ಟಿ, ಅವನು ಮಲಗಿರುತ್ತಾನೆ.