ಚಿಲ್ಲರೆ

ವಿರಾಜಪೇಟೆಯಿಂದ ಮಡಿಕೇರಿಗೆ ಎಷ್ಟು ಸ್ಟಾಪು ಅಂತ
ಯಾರು ಕೇಳಿದರೂ ಹೇಳುತ್ತೇನೆ.
ಎಷ್ಟು ಕಕ್ಕಸು ಅಂತ ಯಾರೂ ಕೇಳುವುದಿಲ್ಲ.

ಕಾಕೋಟುಪರಂಬಿನಲ್ಲಿ ರೇಷನ್ ಅಂಗಡಿ ಹಿಂದೆ, ಚಿಲಕ ಇಲ್ಲ.
ಬೇತ್ರಿ ಸೇತುವೆ ಹತ್ತಿರ ಐಸಮ್ಮನ ಬೇಕರಿಯದು, ನೀರು ಉಂಟು.
ಮೂರ್ನಾಡಿನದಕ್ಕೆ ಐದು ರೂಪಾಯಿ,
ಸರಿಯಾಗಿ ಚಿಲ್ಲರೆ ಕೊಡಿ ಅಂತ ನನ್ನ ಹತ್ತಿರವೇ ಜಗಳ!
ಹಾಕತ್ತೂರಿನಿಂದ ಮೇಕೇರಿವರೆಗೆ ಏನೂ ಇಲ್ಲ.
ಅಲ್ಲಿ ಹಲ್ಲು ಕಚ್ಚಿ ಹಿಡಿಯಬೇಕು.

ಹಲ್ಲು ಅಂದೆನಲ್ಲ.
ಎಡಗಡೆ, ಕೆಳಗೆ, ದವಡೆಯ ಕೊನೆಗೆ
ಆರು ವರ್ಷದ ಹಿಂದೆ ಹಾಕಿಸಿದ ಲೋಹದ ಟೋಪಿ.
ಪಿಂಗಾಣಿಯದಕ್ಕೆ ಮೂರು ಪಟ್ಟು ರೇಟು,
ಒಳಗಿನ ಹಲ್ಲು, ಯಾರು ನೋಡುತ್ತಾರೆ ಅಂದೆ.
ಮರುವರ್ಷ ರಕ್ತ ಬಿತ್ತು.

ಇಂಜಿನ್ ಬಿಸಿ, ಮೂಲವ್ಯಾಧಿ ಅಂದರು ಡಿಪೋದಲ್ಲಿ.
ಹಂದಿ ಬಿಡು ಅಂದರು ಅತ್ತೆ. ಬಿಟ್ಟೆ.
ಕಾಚಂಪುಳಿ ಬಿಟ್ಟೆ. ಕಾಫಿ ಬಿಟ್ಟೆ, ಕೊಡಗಿನಲ್ಲಿ ಹುಟ್ಟಿ!
ಮೈಸೂರಿನಲ್ಲಿ ಕ್ಯಾಮೆರಾ ಇಳಿಸಿ ಹೆಸರು ಕೊಟ್ಟರು:
ಅಲ್ಸರೇಟಿವ್ ಕೊಲೈಟಿಸ್.
ರಜಾ ಅರ್ಜಿಯ ಗೆರೆಯಲ್ಲಿ ಅದು ಹಿಡಿಸಲಿಲ್ಲ.
ಹೊಟ್ಟೆನೋವು ಅಂತ ಬರೆದೆ.

ಈ ವರ್ಷ ಒಸಡು ಕಪ್ಪಾಯಿತು.
ಹಲ್ಲಿನ ಡಾಕ್ಟರ್ ರುಬೀನಾ ಕನ್ನಡಿ ಹಿಡಿದು ಕೇಳಿದಳು,
ಓಲೆಗೀಲೆ ನಿಮಗೆ ಆಗುವುದಿಲ್ಲವಾ?
ನಾದಿನಿಯ ಮದುವೆಗೆ ಬಾಡಿಗೆ ಪತ್ತಾಕ್ ಕಟ್ಟಿ
ಕತ್ತಿಗೆ ಬಿದ್ದ ಕೆಂಪು ಬರೆ ನೆನಪಾಯಿತು.
ಹೊಟ್ಟೆಯ ಡಾಕ್ಟರು ನನ್ನ ಬಾಯಿ ನೋಡಿರಲಿಲ್ಲ.
ಬಾಯಿಯ ಡಾಕ್ಟರಿಗೆ ನಾನು ಹೊಟ್ಟೆಯ ಸುದ್ದಿ ಹೇಳಿರಲಿಲ್ಲ.

ಬೆನ್ನಿಗೆ ಸಾಲಾಗಿ ಬಿಲ್ಲೆ ಅಂಟಿಸಿದರು.
ಎರಡು ದಿನ ಸ್ನಾನ ಇಲ್ಲ.
ಕಿತ್ತಾಗ ಒಂದೇ ಒಂದು ಕಡೆ ಉಬ್ಬಿತ್ತು:
ನಿಕ್ಕಲ್.
ನನ್ನ ಬೆನ್ನಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ಹಾಗಾದರೆ ಇದರಿಂದಲೇ ಅದು?
ಬಾಯಿಂದ ಅಲ್ಲಿಗೆ ರಸ್ತೆಯಂತೂ ಉಂಟು, ಅಂದಳು ರುಬೀನಾ,
ಈ ಬಸ್ಸು ಅಲ್ಲಿವರೆಗೂ ಹೋಗುತ್ತದಾ, ನನಗೆ ಗೊತ್ತಿಲ್ಲ.
ಟೋಪಿ ತೆಗೆಯೋಣ. ಮಾತ್ರೆ ಮಾತ್ರ ಬಿಡಬೇಡಿ.

ಹತ್ತಿಯಲ್ಲಿ ಸುತ್ತಿ ಕೊಟ್ಟದ್ದು
ಕಾಫಿ ಬೀಜದಷ್ಟೂ ಇಲ್ಲ.
ಚಿಲ್ಲರೆ ಚೀಲದ ಒಳಜೇಬಿನಲ್ಲಿ ಇಟ್ಟಿದ್ದೇನೆ.
ಸ್ಟೀಲಿನ ಸೀಟಿ ಬಿಟ್ಟು ಹಸಿರು ಪ್ಲಾಸ್ಟಿಕ್ಕಿನದು ಕೊಂಡೆ,
ಕೋಳಿಮರಿಯ ಹಾಗೆ ಕೂಗುತ್ತದೆ, ಡಿಪೋ ಪೂರಾ ನಗುತ್ತದೆ.

ಒಂಬತ್ತು ವಾರ ಆಯಿತು.
ನಿನ್ನೆ ಬೇಕರಿ ಹತ್ತಿರ ಉತ್ತಯ್ಯ ಬಸ್ಸು ನಿಧಾನ ಮಾಡಿದ.
ಐದು ವರ್ಷ ಮಾಡಿದ್ದಾನೆ, ಒಂದು ದಿನವೂ ಯಾಕೆ ಅಂತ ಕೇಳಿದವನಲ್ಲ.
ಕನ್ನಡಿಯಲ್ಲಿ ನನ್ನ ಮುಖ ನೋಡಿದ.
ಎರಡು ಸಲ ಊದಿದೆ. ರೈಟ್.

ಹಾಕತ್ತೂರು ದಾಟುವಾಗ ಕೆಳಗೆಲ್ಲೋ ಗುಡುಗುಡು.
ಇಂಜಿನ್ನೋ, ನಾನೋ.
ಯೂನಿಫಾರ್ಮಿನ ಹುಡುಗನೊಬ್ಬ
ಬೆವರಿದ ಹತ್ತರ ನಾಣ್ಯ ಚಾಚಿದ.
ಒಂದು ಮೇಕೇರಿ.