ನಡುವಿನ ಎಂಜಿನ್

ಹಿರಿಯೂರಿನಾಚೆ, ಹೈವೇ ಪಕ್ಕದ ಲಾರಿ ಯಾರ್ಡಿನಲ್ಲಿ
ಟ್ರೇಲರ್ ಮೇಲೆ ಕೂತಿದೆ ಬೋಟು,
ಮೂಗು ಬೆಂಗಳೂರ ಕಡೆ, ಬೆನ್ನಿಗೆ ಮೂರು ಎಂಜಿನ್.
ಒಂದೊಂದಕ್ಕೆ ಇನ್ನೂರೈವತ್ತು ಕುದುರೆ.
ಏಳುನೂರೈವತ್ತು ಕುದುರೆ ಕಟ್ಟಲು
ದುರ್ಗದ ಪಾಳೇಗಾರರಿಗೂ ಲಾಯ ಸಾಲುತ್ತಿತ್ತೋ ಇಲ್ಲವೋ.

ನಾನು ಬೋರು ಕೊರೆಯುವವನು.
ಇಪ್ಪತ್ತೆರಡು ವರ್ಷ, ಎರಡು ರಿಗ್ಗು,
ಲೆಕ್ಕ ಇಟ್ಟಿದ್ದೇ ನಾಲ್ಕು ಸಾವಿರದ ಮುನ್ನೂರು ತೂತು.
ನೀರೆಂದರೆ ನನಗೆ ಕೆಳಮುಖ:
ಅಡಿಗಿಷ್ಟು, ಕೇಸಿಂಗ್ ಬೇರೆ, ಬರದಿದ್ದರೂ ದುಡ್ಡು.
ನೀರಿನ ಮೇಲೆ ಹೋಗಿದ್ದು ಒಂದೇ ಸಲ,
ವಾಣಿವಿಲಾಸ ಕೋಡಿ ಬಿದ್ದ ವರ್ಷ, ಮೀನಿನವರ ಹರಿಗೋಲಿನಲ್ಲಿ.
ಕೈ ಅದ್ದಿದೆ. ಅಷ್ಟು ನೀರು
ಯಾರೂ ಕೊರೆಯದೆ ಸುಮ್ಮನೆ ಮಲಗಿತ್ತು.
ಅವತ್ತಿನಿಂದ ಈ ಹುಚ್ಚು.

ಮಾರುವವನು ಕಾರವಾರದ ತಾಂಡೇಲ.
ಬೆಂಗಳೂರಿನ ಪಾರ್ಟಿ ಅರ್ಧ ದಾರಿಯಲ್ಲಿ ಕೈ ಎತ್ತಿದೆ,
ಎರಡು ತಿಂಗಳ ಯಾರ್ಡ್ ಬಾಡಿಗೆ ಇವನ ತಲೆ ಮೇಲೆ.
ಮೂವತ್ತೆಂಟು ಲಕ್ಷ, ನಿಮಗಾಗಿ ಮೂವತ್ತನಾಲ್ಕು ಅನ್ನುತ್ತಾನೆ.
ಅಷ್ಟಕ್ಕೆ ಒಂದು ಹಳೇ ರಿಗ್ಗು ಬರುತ್ತದೆ
ಅಂತ ಹಾಲಮ್ಮ ರಾತ್ರಿ ರೊಟ್ಟಿ ಬಡಿಯುತ್ತ ಹೇಳಿದ್ದಳು,
ಬಡಿತ ನಿಲ್ಲಿಸದೆ:
"ಈ ದಡದಿಂದ ಆ ದಡಕ್ಕೆ ನಾಲ್ಕು ನಿಮಿಷ.
ಆಮೇಲೆ? ತಿರುಗಿ ಬರೋದಾ?"

ಓಬಳೇಶ ನನ್ನ ಕಂಪ್ರೆಸರ್ ಮೆಕ್ಯಾನಿಕ್,
ಸಮುದ್ರ ನೋಡಿಲ್ಲ, ಎಂಜಿನ್ ಬಲ್ಲ.
ಸ್ಕ್ರೂಡ್ರೈವರ್ ಹಿಡಿಯಿಂದ ಬೋಟಿನ ಬೆನ್ನು ತಟ್ಟುತ್ತ ಬಂದ,
ಟಣ್, ಟಣ್, ಟಣ್,
ಒಂದು ಕಡೆ ಮಾತ್ರ ಢಬ್, ಬಲಿತ ಕಲ್ಲಂಗಡಿಯ ಹಾಗೆ.
"ಒಳಗೆ ನೀರು ಕುಡಿದಿದೆ" ಅಂದ.
ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು
ಹೊಲವೆಲ್ಲ ಸುತ್ತುವ ನಮ್ಮ ನೀರು ನೋಡುವವರು ನೆನಪಾದರು.
ನೀರಿದೆ ಅಂದರೆ ಅಲ್ಲಿ ಹಬ್ಬ,
ಇಲ್ಲಿ ಎರಡು ಲಕ್ಷ ಇಳಿಸುವ ಮಾತು.

ಮೀಟರ್ ಓದಿದ.
ಎಡದ್ದು ಆರುನೂರ ಹನ್ನೆರಡು ತಾಸು,
ಬಲದ್ದು ಆರುನೂರ ಹದಿನಾಲ್ಕು,
ನಡುವಿನದು ನಲವತ್ತು.
"ನಡುವಿಂದು ಹೊಸಾದು" ಅಂದ ತಾಂಡೇಲ.
"ಹಳೇದಕ್ಕೆ ಏನಾಯ್ತು?"
ತಾಂಡೇಲ ಹೈವೇ ನೋಡಿದ.

ಒಣನೆಲದಲ್ಲಿ ಹಾಗೇ ಓಡಿಸಿದರೆ ಸುಟ್ಟುಹೋಗುತ್ತವಂತೆ,
ನೀರು ಕುಡಿಸುತ್ತಲೇ ಇರಬೇಕು.
ಯಾರ್ಡಿನ ಬೋರು ನಾನೇ ಕೊರೆದದ್ದು,
ಒಂಬೈನೂರ ನಲವತ್ತು ಅಡಿ, ಒಂದೂವರೆ ಇಂಚು.
ಮೂರು ಪೈಪು ಎಳೆದು ಮೂರು ಬಾಯಿಗೆ ಕಟ್ಟಿದೆವು,
ಹಟ್ಟಿಯಲ್ಲಿ ಕರುಗಳಿಗೆ ಕಟ್ಟಿದ ಹಾಗೆ.
ಕೀಲಿ ತಿರುಗಿತು.

ಅಬ್ಬಾ.
ರಿಗ್ಗಿನದು ಒದರಾಟ, ಇದು ಗುಟುರು.
ಮೂರು ಎಂಜಿನ್ನಿನ ಪಕ್ಕೆಯಿಂದ ಮೂರು ನೀರಿನ ಎಳೆ ಚಿಮ್ಮಿ
ಸಿಮೆಂಟು ನೆಲ ತೋಯಿತು.
ತಮಿಳುನಾಡಿನ ಲಾರಿಯ ಕ್ಲೀನರ್ ಹುಡುಗ ಬಕೆಟ್ ಹಿಡಿದು ಬಂದ,
ಬೆಚ್ಚಗಿದೆ ಅಂತ ಸನ್ನೆ ಮಾಡಿ
ಅಲ್ಲೇ ತಲೆ ತೊಳೆದುಕೊಂಡ.

ಏಳನೇ ನಿಮಿಷಕ್ಕೆ ಬೋರು ಕೆಮ್ಮಿತು.
ಗಾಳಿ, ಕೆಂಪು ಕೆಸರು, ಮತ್ತೆ ಗಾಳಿ.
ನಡುವಿನ ಎಳೆ ನೂಲಾಯಿತು, ಹನಿಯಾಯಿತು,
ಒಳಗೆಲ್ಲೋ ಬೀಪ್ ಬೀಪ್.
ಓಬಳೇಶ ಹಾರಿ ಹೋಗಿ ಕೀಲಿ ಮುಚ್ಚಿದ.
ಬೆಳಗಿನಿಂದ ಹೋಗುತ್ತಲೇ ಇದ್ದ ಲಾರಿಗಳು
ಆಗ ಕೇಳಿಸಿದವು.

ಫೋನು. ಚಳ್ಳಕೆರೆಯಿಂದ:
"ಅಣ್ಣ, ಪಾಯಿಂಟ್ ಹಾಕಿಸಿದೀವಿ, ಗಾಡಿ ಯಾವಾಗ?"
ನಾಳೆ ಅಂದೆ.
ಬೋಟಿನ ಹೊಟ್ಟೆಗೆ ಒಂದು ಚಿಪ್ಪು ಅಂಟಿತ್ತು,
ಉಗುರಿನಿಂದ ಎಬ್ಬಿಸಿ ನಾಲಿಗೆಗೆ ಇಟ್ಟೆ.
ಉಪ್ಪು. ನಮ್ಮ ಸಾವಿರ ಅಡಿಯ ಉಪ್ಪಲ್ಲ,
ಬೇರೆ.

"ಏನಂತೀರಿ ಸಾಹುಕಾರ್ರೆ?"
"ಇಪ್ಪತ್ತೊಂದು. ನಡುವಿಂದು ಬಿಚ್ಕೊಂಡು ಹೋಗು."
"ಹೊಸಾದೇ ಬ್ಯಾಡವಾ?"
ಓಬಳೇಶ ಆ ಕಡೆ ಮುಖ ಮಾಡಿ ನಕ್ಕ.
"ಎರಡಕ್ಕಾದರೆ," ಅಂದೆ, "ನನ್ನ ಬೋರು ಸಾಕು."