ದಪ್ತರ

ಈ ಸಾಲ್ಯಾಗ ಖಿಚಡಿ ಕುದಸಾಕಿ ನಾ, ಹದಿನಾಕ ವರ್ಷಾತು.
ಜತ್ತದಿಂದ ಉಮದಿಗೆ ಹೋಗೂ ದಾರ್ಯಾಗ
ಎಸ್‌ಟಿ ನಿಂದ್ರದ ಊರಿನ ಕನ್ನಡ ಸಾಲಿ ನಮ್ದು.
ಸಾಹೇಬರ ಪತ್ರ ಮರಾಠಿ, ಅಕ್ಕಿ ಚೀಲದ ಮ್ಯಾಲಿನ ಅಕ್ಷರ ಮರಾಠಿ,
ಅಳೂದು ಜಗಳಾಡೂದು ಅಷ್ಟ ಕನ್ನಡ.

ಪುಣೆದ ಮಂದಿ ಬರ್ತಾರಂತ ಎಂಟ ದಿನ ಮೊದಲ ಫೋನು.
ಸಾಲೋಟಗಿ ಸರ್ ಹುಡುಗರನ್ನ ಬಿಸಲಾಗ ನಿಂದ್ರಿಸಿ
ಸ್ವಾಗತದ ಹಾಡ ಕಲಿಸಿದ್ರು.
ಕೇಳಿ ಕೇಳಿ ನನಗೂ ಬಾಯಿಪಾಠ ಆತು,
ಬ್ಯಾಳಿ ತೊಳಿಯಾಗ ಬೇಕಿಲ್ಲಂದ್ರೂ ಬರ್ತಿತ್ತು ತುಟಿಗೆ.

ಎರಡ ಗಾಡಿ, ಹನ್ನೊಂದ ಮಂದಿ,
ಬಣ್ಣದ ಡಬ್ಬಿ, ಪುಸ್ತಕದ ಖೋಕಿ,
ನಮ್ಮ ವರಾಂಡಕಿಂತ ಉದ್ದಾದ ಬ್ಯಾನರು.
"ಹರಕ ಅಂಗಿಯವರು ಜರಾ ಮುಂದ ಬರ್ರಿ"
ಅಂದ ಕ್ಯಾಮೆರಾದಾಂವ, ಮರಾಠಿಯೊಳಗ, ಭಾಳ ಮೆತ್ತಗ.
ಮಹಾನಂದಾ ಹೋಗಲಿಲ್ಲ.
ಹಿಂದಿನ ರಾತ್ರಿ ಕರೆಂಟ್ ಹೋದ ಮ್ಯಾಲ
ಮೊಬೈಲ್ ಬೆಳಕಿನ್ಯಾಗ ಅವರವ್ವ ಆ ಹರಕ ಹೊಲದಿದ್ಲು,
ಎಳಿ ಎಳಿ ಕೂಡಿಸಿ.
ಮುಂದ ಹೋಗಾಕ ಹರಕ ಎಲ್ಲೈತಿ ಈಗ?

ಖೋಕಿ ಬಿಚ್ಚಿದ್ರು. ಹಿಮ ಬಿದ್ದ ಊರಿನ ಚಿತ್ರ.
"ಇಷ್ಟ ಹತ್ತಿ ಯಾವ ಊರಾಗ ಬೆಳೀತಾರ?" ಅಂದ್ಲು ರುಕಯ್ಯಾ.
ಯಾರೂ ಹೇಳಲಿಲ್ಲ. ಯಾರಿಗೂ ಆಕಿ ಮಾತು ತಿಳಿಲಿಲ್ಲ.

ಹನ್ನೊಂದರಾಗ ಒಬ್ಬಾಕಿ ಟಾಂಜಾನಿಯಾದಾಕಿ,
ಪುಣೆದಾಗ ಕಲಿಯಾಕ ಬಂದಾಕಿ.
ಮ್ವಾನಾಯಿದಿ ಅಂತ ಹೆಸರು,
ನಮ್ಮ ನಾಲಿಗಿಗೆ ಮಾನಾಯಿ ಆದ್ಲು.
ಹುಡುಗರು ಆಕಿ ಜಡಿ ಎಣಸಾಕ ಹತ್ತಿದ್ರು,
ಎಣಿಸ್ಲಿ ಅಂತ ತಲಿ ಬಗ್ಗಿಸಿ ಕುಂತ್ಲು.
ಹಾಡ ಸುರು ಆತು. ಆಕಿ ಎದ್ದ
ನನ್ನ ಅಡಗಿ ಖೋಲಿಗೆ ಬಂದ್ಲು,
ಬಾಗಲಾ ಅರ್ಧ ಮುಚ್ಚಿದ್ಲು.

ಚೀಲದ ಮ್ಯಾಲ ಕುಂತು ಬ್ಯಾಳ್ಯಾಗಿನ ಹಳ್ಳ ಆರಸ್ಕೋತ ಮಾತಾಡಿದ್ಲು.
ಆಕಿ ಇಂಗ್ಲಿಷು, ಪುಣೆ ಹುಡುಗಿ ಅದನ್ನ ಮರಾಠಿ ಮಾಡಾಕಿ,
ನಾ ಅದನ್ನ ಮಹಾನಂದಾಗ ಕನ್ನಡ ಮಾಡಿದೆ.
ಮೂರ ಕೊಡಾ ದಾಟಿ ಬಂದ ನೀರು,
ರುಚಿ ಕೆಟ್ಟಿರಲಿಲ್ಲ.

ಅವರ ಸಾಲಿಗೂ ಬರ್ತಿದ್ರಂತ, ವರ್ಷಾ ಜೀಪಿನ್ಯಾಗ, ಬಿಳಿ ಮಂದಿ.
ಇವರೂ ಸಾಲ ಹಚ್ಚಿ ಹಾಡಾವ್ರು.
ಒಮ್ಮೆ ಒಬ್ಬ ಮುದುಕ ಒಂದ ಪೆನ್ಸಿಲ್ ಕೊಟ್ಟ,
ಅದರ ಮ್ಯಾಲ ಯಾವದೋ ಪಟ್ಟಣದ ಸೇತುವಿ ಇತ್ತು.
ಹೆರದರ ಸೇತುವಿ ಹೋಗ್ತದ,
ಹೆರೀದಿದ್ರ ಬರಿಯಾಕ ಬರೂದಿಲ್ಲ.
ಎರಡ ವರ್ಷ ಹಂಗ ಇಟ್ಟಿದ್ಲಂತ.
"ಆಮ್ಯಾಲ?" ಅಂದ್ಲು ಮಹಾನಂದಾ.
"ಪರೀಕ್ಷಾ ಬಂತು."

ಕೈ ತೊಳಿಯಾಕ ಸಾಬೂನ ಕೊಟ್ಟೆ.
"ಸಬೂನಿ!" ಅಂದ್ಲು.
ಹೊರಗಿನ ಗಾಡಿ ತೋರಸಿದೆ. ಅವರಲ್ಲೆ ಅದು "ಗಾರಿ".
ದುಕಾನ ಅಂದೆ, "ದುಕಾ" ಅಂತು ಆ ಕಡಿಂದ.
ಮಹಾನಂದಾ ತನ್ನ ದಪ್ತರ ಎತ್ತಿ ಹಿಡದ್ಲು,
ದಪ್ತರ, ದಪ್ತರ ಅಂತ ಒದರಿದ್ಲು.
ಮಾನಾಯಿ ಕಣ್ಣ ಅರಳಿಸಿ
ಅದರಾಗ ಕೈ ಹಾಕಿ ಒಂದ ವಹಿ ತಗದ್ಲು:
"ದಫ್ತಾರಿ."
ನಮಗ ಹೊರೂ ಚೀಲ, ಅವರಿಗೆ ಬರಿಯೂ ವಹಿ.
ಯಾವ ಹಡಗದವರು ಯಾವಾಗ ಒಯ್ದಿದ್ರೋ ಈ ಮಾತ,
ಎರಡೂ ದಂಡಿಗೆ ಇಟ್ಟ ಹೋಗ್ಯಾರ,
ಹೆಸರ ಬರಸ್ಲಿಲ್ಲ, ಫೋಟೋ ತಗೀಲಿಲ್ಲ.

ಸಂಜಿಗೆ ಹ್ವಾದ್ರು. ಗ್ವಾಡಿ ಮ್ಯಾಲ ಜಿರಾಫಿ ಬಂತು,
ಅದರ ಬಾಜೂಕ ಉಲ್ಟಾ ಬರದ "ಳ".
ಸರ್ ತಿದ್ದಬೇಕಂತ ಬಣ್ಣ ಹುಡಕಿದ್ರು,
ಡಬ್ಬಿ ಅವರ ಜೋಡೀನ ಹ್ವಾದೂವು.
ಒಂದನೆತ್ತೆಯವರು ಈಗ ಳ ಹಂಗ ಬರೀತಾರ, ಬೈಸ್ಕೊಂತಾರ.

ಸುಳ್ಯಾಕ ಹೇಳ್ಲಿ, ವಹಿ ಕೊಟ್ಟಾರ, ಒಳ್ಳೆ ವಹಿ,
ಮಳಿಗಾಲದ ತನಾ ಬಂದೂವು.
ಮಾನಾಯಿ ಮತ್ತ ಬರ್ತಾಳೇನು ಅಂತ
ಮಹಾನಂದಾ ದಿನಾ ತಾಟ ಒಡ್ಡಿ ಕೇಳ್ತಾಳ.
ಬರ್ಲಿ ಅಂತೀನಿ.
ಒಮ್ಮೊಮ್ಮೆ, ಒಲಿ ಊದೂ ಮುಂದ, ಬ್ಯಾಡ ಅನಸ್ತದ.
ಆಕಿ ಬರ್ತಾಳಂತ ಗೊತ್ತಾದ್ರ
ಸರ್ ಮತ್ತ ಹುಡುಗರನ್ನ ಬಿಸಲಾಗ ನಿಂದ್ರಸ್ತಾರ.